ಕಾಳಿನ ಅಂಗಡಿ ಮ್ಯಾಲಿನ ಮನಿ

ಗೋಡೆಯ ಮೇಲಾಗಲಿ, ಗೇಟಿನ ಮೇಲಾಗಲಿ, ಲೈಟಿನ ಕಂಬದ ಮೇಲಾಗಲಿ ‘ಮನೆ ಬಾಡಿಗೆಗೆ ಇದೆ’ ಎಂಬ ಬರಹ ಕಂಡರೆ ನನ್ನ ಕಾಲು ತಾನಾಗಿಯೇ ನಿಂತುಬಿಡುತ್ತದೆ. ಈಗ ನನಗೆ ಮನೆ ಬೇಕಾಗಿಲ್ಲ. ಇದ್ದ ಮನೆಯನ್ನು ಬಿಡುವ ವಿಚಾರವೂ ಇಲ್ಲ. ಆದರೂ ಪೂರ್ತಿ ಓದಿಯೇ ಮುಂದೆ ಹೋಗುತ್ತೇನೆ. ದೊಡ್ಡ ಜ್ವರ ಬಿಟ್ಟು ಎಷ್ಟೋ ದಿನವಾದ ಮೇಲೂ ಕೆಲವರು ಆಗಾಗ ಹಣೆ ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗೆ. ‘ಫ್ಯಾಮಿಲಿಗೆ ಮಾತ್ರ’, ‘ಸಣ್ಣ ಫ್ಯಾಮಿಲಿಗೆ ಮಾತ್ರ’, ‘ಸರಕಾರಿ ನೌಕರಿಯ ಸಣ್ಣ ಫ್ಯಾಮಿಲಿಗೆ ಮಾತ್ರ’. ಒಂದು ಕಡೆ ಕೆಂಪು ಬಣ್ಣದಲ್ಲಿ ‘ದೇವರ ಭಯ ಇರುವವರಿಗೆ ಮಾತ್ರ’ ಎಂದೂ ಬರೆದಿದ್ದರು. ದೇವರ ಭಯ ನನಗೆ ಇಲ್ಲದೇ ಇಲ್ಲ. ಆದರೆ ಮನೆ ಹುಡುಕುತ್ತಿದ್ದ ಆ ದಿನಗಳಲ್ಲಿ ದೇವರಿಗಿಂತ ಮನೆ ಮಾಲೀಕರ ಭಯ ಹೆಚ್ಚಾಗಿತ್ತು.

ನಾವು ಮೂವರು. ನಾನು ಸರೋಜಾ, ಹಾನಗಲ್ಲಿನವಳು, ಹುಬ್ಬಳ್ಳಿಯ ಒಂದು ಖಾಸಗಿ ಕಾಲೇಜಿನ ಗ್ರಂಥಪಾಲಕಿ. ಐವತ್ತು ಹತ್ತಿರ ಬಂದಿದೆ. ಮದುವೆಯಾಗಿಲ್ಲ. ಯಾಕೆ ಎಂದು ಕೇಳುವವರಿಗೆ ಹೇಳಲು ನನ್ನ ಬಳಿ ದೊಡ್ಡ ಕಥೆಯೇನೂ ಇಲ್ಲ. ನಾನು ನಿಂತ ಸ್ಟಾಪಿಗೆ ಬಂದ ಬಸ್ಸುಗಳೆಲ್ಲ ತುಂಬಿಕೊಂಡೇ ಬಂದವು, ಅಷ್ಟೆ. ಎರಡನೆಯವಳು ಗಿರಿಜಕ್ಕ, ಹಿರೇಕೆರೂರಿನಾಕಿ, ಆಸ್ಪತ್ರೆಯಲ್ಲಿ ನರ್ಸು. ಗಂಡ ತೀರಿ ಬಹಳ ವರ್ಷವಾಯಿತು, ಮಗಳನ್ನು ರಟ್ಟೀಹಳ್ಳಿಗೆ ಕೊಟ್ಟಿದ್ದಾಳೆ. ರೋಗಿಗಳ ಜೊತೆ ಮಾತಾಡಿ ಮಾತಾಡಿ ಅವಳ ದನಿ ಎತ್ತರದಲ್ಲೇ ನಿಂತುಬಿಟ್ಟಿದೆ. ಗುಟ್ಟು ಹೇಳಿದರೂ ಓಣಿಗೆಲ್ಲ ಕೇಳುತ್ತದೆ. ಮೂರನೆಯವಳು ಮುಮ್ತಾಜ, ಸವಣೂರಿನವಳು. ಹೊಲಿಗೆ ಅವಳ ಬದುಕು. ಗಂಡ ತಲಾಖ್ ಕೊಟ್ಟು ಇನ್ನೊಂದು ಸಂಸಾರ ಹೂಡಿದಾಗ ತವರಿಗೆ ಹೋಗಿ ಕೂರದೆ, ಕಾಲಿಲೆ ತುಳಿಯುವ ಒಂದು ಮಷೀನ್ ತೆಗೆದುಕೊಂಡು ಹುಬ್ಬಳ್ಳಿಗೆ ಬಂದವಳು. ಮಾತು ಕಡಿಮೆ. ಮೂವರಲ್ಲಿ ಸಣ್ಣವಳು, ಮೂವರ ಜಂಪರ ಅಳತೆಯೂ ಬಾಯಿಪಾಠ ಬಲ್ಲವಳು.

ಹಳೇ ಹುಬ್ಬಳ್ಳಿಯ ಒಂದು ಗಲ್ಲಿಯಲ್ಲಿ, ಒಬ್ಬ ನಿವೃತ್ತ ಮಾಸ್ತರರ ಹಂಚಿನ ಮನೆಯ ಹಿತ್ತಲ ಭಾಗದಲ್ಲಿ ನಾವು ಮೂವರೂ ಒಬ್ಬರ ಹಿಂದೊಬ್ಬರು ಬಂದು ಸೇರಿದ್ದೆವು. ಮೊದಲು ನಾನು, ಆಮೇಲೆ ಗಿರಿಜಕ್ಕ, ಆಮೇಲೆ ಮುಮ್ತಾಜ. ಮಾಸ್ತರರು ಬಾಡಿಗೆ ಹೆಚ್ಚಿಸುವುದನ್ನು ಮರೆತಿದ್ದರೋ, ಮರೆತಂತೆ ಇದ್ದರೋ ಗೊತ್ತಿಲ್ಲ, ನಾವಂತೂ ನೆನಪು ಮಾಡಿಕೊಡಲಿಲ್ಲ. ಅವರು ತೀರಿದ ಮೇಲೆ ಮಕ್ಕಳು ಜಾಗವನ್ನು ಅಪಾರ್ಟ್‌ಮೆಂಟು ಕಟ್ಟುವವರಿಗೆ ಕೊಟ್ಟರು. ಕೆಟ್ಟ ಮಂದಿಯೇನಲ್ಲ. ಹಿರಿಯ ಮಗ ಬಂದು ಕೈಮುಗಿದು, ‘ಅಕ್ಕಾರ, ದೀಪಾವಳಿ ಇಲ್ಲೇ ಮಾಡ್ರಿ, ಆಮ್ಯಾಲ ಬ್ಯಾರೆ ನೋಡ್ಕೋರಿ’ ಎಂದ. ಇಷ್ಟು ಮರ್ಯಾದೆಯಿಂದ ಹೊರಗೆ ಹಾಕಿದರೆ ಜಗಳವನ್ನಾದರೂ ಹೇಗೆ ಆಡುವುದು?

ಹೀಗೆ ನಮ್ಮ ಹುಡುಕಾಟ ಶುರುವಾಯಿತು. ಊರು ಎಷ್ಟು ದುಬಾರಿಯಾಗಿದೆ ಎಂಬುದು ಕಾಯಿಪಲ್ಯದ ಸಂತೆಯಲ್ಲಿ ಗೊತ್ತಾಗುವುದಿಲ್ಲ, ಮನೆ ಹುಡುಕುವಾಗ ಗೊತ್ತಾಗುತ್ತದೆ. ಎರಡು ಕೋಣೆಯ ಒಂದು ಫ್ಲ್ಯಾಟು ನೋಡಿದೆವು. ಬಾಡಿಗೆ ಕೇಳಿ ಗಿರಿಜಕ್ಕ, ‘ಇದು ವರ್ಷದ್ದೇನ್ರಿ?’ ಎಂದು ಕೇಳಿಯೇಬಿಟ್ಟಳು. ತೋರಿಸಲು ಬಂದ ಏಜೆಂಟ್ ನಗಲಿಲ್ಲ. ನಾವೂ ನಗಲಿಲ್ಲ. ಲಿಫ್ಟಿನಲ್ಲಿ ಇಳಿಯುವಾಗ ಕನ್ನಡಿಯಲ್ಲಿ ಮೂವರ ಮುಖವೂ ಕಾಣುತ್ತಿತ್ತು. ಪರೀಕ್ಷೆಯಲ್ಲಿ ನಪಾಸಾಗಿ ಬಂದ ಮೂರು ಹುಡುಗಿಯರ ಹಾಗೆ.

ಹುಡುಗಿಯರು ಎಂದೆನಲ್ಲ, ಆ ಭ್ರಮೆಯೂ ಬಹಳ ದಿನ ಉಳಿಯಲಿಲ್ಲ. ಫ್ಲ್ಯಾಟು ಆಗದಿದ್ದರೆ ಪಿಜಿ ಎಂದುಕೊಂಡು, ‘ಮಹಿಳೆಯರಿಗೆ ಮಾತ್ರ’ ಎಂದಿದ್ದ ಒಂದು ಕಡೆ ಒಳಗೆ ಹೋದೆವು. ಮಹಿಳೆಯರು ಎಂಬುದರಲ್ಲಿ ನಮ್ಮ ಬಗ್ಗೆ ನಮಗೆ ಸಂಶಯವಿರಲಿಲ್ಲ. ಟೇಬಲಿನ ಹಿಂದೆ ಕುಳಿತಿದ್ದ ಹುಡುಗಿ ಬಹಳ ಪ್ರೀತಿಯಿಂದ ಎದ್ದು, ‘ಬರ್ರಿ ಆಂಟಿ, ಮಗಳಿಗೇನ್ರಿ? ಯಾವ ಕಾಲೇಜ್ರಿ?’ ಎಂದಳು. ಗಿರಿಜಕ್ಕ ನನ್ನ ಮುಖ ನೋಡಿದಳು, ನಾನು ಮುಮ್ತಾಜಳ ಮುಖ ನೋಡಿದೆ. ‘ಮಗಳಿಗಲ್ಲವ್ವಾ, ನಮಗ’ ಎಂದೆ. ಆ ಹುಡುಗಿ ಒಳಗೆ ಹೋಗಿ ನೀರು ತಂದುಕೊಟ್ಟಳು. ನೀರು ಕುಡಿದು ಬಂದೆವು. ಪಿಜಿ ಸೇರಲು ವಯಸ್ಸು ಹೆಚ್ಚು, ವೃದ್ಧಾಶ್ರಮ ಸೇರಲು ಕಡಿಮೆ. ನಡುವಿನ ಇಷ್ಟು ದೊಡ್ಡ ಆಯುಷ್ಯವನ್ನು ಹೆಂಗಸು ಎಲ್ಲಿ ಕಳೆಯಬೇಕು ಎಂದು ಯಾರೂ ಯೋಚಿಸಿದಂತಿಲ್ಲ. ಗಂಡನ ಮನೆಯಲ್ಲಿ ಎಂದು ಯೋಚಿಸಿ ಅಲ್ಲಿಗೇ ಬಿಟ್ಟಿದ್ದಾರೆ.

ನನ್ನ ಕೆಲಸ ಪುಸ್ತಕಗಳ ನಡುವೆ. ಹಾಗಾಗಿ ಕಷ್ಟ ಬಂದಾಗ ಜನ ದೇವಸ್ಥಾನಕ್ಕೆ ಹೋದರೆ ನಾನು ಕಪಾಟಿನ ಕಡೆಗೆ ಹೋಗುತ್ತೇನೆ. ಆ ದಿನಗಳಲ್ಲಿ ಊಟದ ಬಿಡುವಿನಲ್ಲಿ ಹಕ್ಕಿಗಳ ಒಂದು ಪುಸ್ತಕ ತಿರುವಿ ಹಾಕುತ್ತಿದ್ದೆ. ಗೀಜಗನ ಹಕ್ಕಿಗಳಲ್ಲಿ ಗೂಡು ಹೆಣೆಯುವವನು ಗಂಡಂತೆ. ಅರ್ಧ ಹೆಣೆದು ರೆಕ್ಕೆ ಬಡಿದು ಕರೆಯುತ್ತಾನೆ. ಹೆಣ್ಣು ಬಂದು ಒಳಗೆ ಹೊಕ್ಕು ಎಳೆದು ನೋಡಿ, ಮನಸ್ಸಿಗೆ ಬಾರದಿದ್ದರೆ ಮುಂದಿನ ಗೂಡಿಗೆ ಹಾರಿಹೋಗುತ್ತಾಳೆ. ಏನು ದೌಲತ್ತು! ನಮ್ಮ ಪ್ರಕರಣದಲ್ಲಿ ಎಲ್ಲ ತಿರುವುಮುರುವಾಗಿತ್ತು. ಗೂಡಿನವರೇ ನಮ್ಮನ್ನು ಎಳೆದೆಳೆದು ನೋಡುತ್ತಿದ್ದರು. ಇನ್ನು ಹಳೆಯ ಶಾಸನಗಳ ವಿಷಯ. ನಮ್ಮ ಹಾನಗಲ್ಲು ಒಂದು ಕಾಲಕ್ಕೆ ಕದಂಬರ ರಾಜಧಾನಿ, ಕಲ್ಲು ಎತ್ತಿದಲ್ಲಿ ಶಾಸನ. ಅಂಥ ಕಲ್ಲುಗಳಲ್ಲಿ ಮನೆಯ ನಿವೇಶನವನ್ನು ಅಳೆದು, ನಾಲ್ಕು ದಿಕ್ಕಿನ ಗಡಿ ಹೇಳಿ, ಸೂರ್ಯ ಚಂದ್ರರಿರುವ ತನಕ ಎಂದು ದಾನ ಕೊಟ್ಟ ಮಾತು ಬರುತ್ತದೆ. ನಮಗೆ ಹನ್ನೊಂದು ತಿಂಗಳಿಗೆ ಬರೆದುಕೊಡುವವರೇ ಸಿಗಲಿಲ್ಲ.

ಪ್ರತಿಯೊಂದು ಮನೆಯಲ್ಲೂ ಮೊದಲ ಪ್ರಶ್ನೆ, ‘ಯಜಮಾನ್ರು ಎಲ್ಲದಾರ್ರಿ?’ ಎಂಬುದು. ಗಿರಿಜಕ್ಕನ ಯಜಮಾನರು ಸ್ವರ್ಗದಲ್ಲಿ, ಮುಮ್ತಾಜಳ ಯಜಮಾನರು ಎರಡನೇ ಹೆಂಡತಿಯ ಮನೆಯಲ್ಲಿ, ನನ್ನ ಯಜಮಾನರು ಎಲ್ಲಿದ್ದಾರೆಂದು ಐವತ್ತು ಹತ್ತಿರ ಬಂದರೂ ನನಗೇ ಪತ್ತೆಯಿಲ್ಲ. ಇದನ್ನು ದಾಟಿದರೆ ಗಿರಿಜಕ್ಕನ ರಾತ್ರಿಪಾಳಿ. ಹೆಣ್ಣುಮಗಳು ರಾತ್ರಿ ಹೋಗಿ ಬೆಳಿಗ್ಗೆ ಬಂದರೆ ಓಣಿಯವರು ಏನಂದಾರು ಎಂದು ಅವರಿಗೆ ಚಿಂತೆ. ‘ನಿಮಗ ರಾತ್ರಿ ಎದಿ ನೋವು ಬಂದ್ರ ಯಾರು ನೋಡ್ಬೇಕ್ರಿ ಮತ್ತ?’ ಎಂದು ಗಿರಿಜಕ್ಕ ಒಬ್ಬರಿಗೆ ಕೇಳಿದಳು. ಆ ಮನೆ ಅಲ್ಲಿಗೆ ಮುಗಿಯಿತು. ಇದನ್ನೂ ದಾಟಿದರೆ ಹೊಲಿಗೆ ಮಷೀನಿನ ಸಪ್ಪಳ. ಅದನ್ನೂ ದಾಟಿದರೆ ಹೆಸರು. ಮುಮ್ತಾಜ ಎಂಬ ಹೆಸರು ಕೇಳಿದ ಕೂಡಲೇ ಒಂದು ನಿಮಿಷದ ಹಿಂದೆ ಖಾಲಿಯಿದ್ದ ಮನೆ ಏಕಾಏಕಿ ತುಂಬಿಬಿಡುತ್ತಿತ್ತು. ಅಯ್ಯೋ, ನಿನ್ನೆಯೇ ಯಾರೋ ಅಡ್ವಾನ್ಸ್ ಕೊಟ್ಟು ಹೋದದ್ದು ಅವರಿಗೆ ಆಗ ನೆನಪಾಗುತ್ತಿತ್ತು. ಹಿಂದೆ ಒಬ್ಬ ಬಾದಶಹ ಇದೇ ಹೆಸರಿನ ಹೆಂಡತಿಗಾಗಿ ಲೋಕವೇ ನೋಡುವಂಥ ಅಮೃತಶಿಲೆಯ ಮನೆ ಕಟ್ಟಿಸಿದ, ಆದರೆ ಅವಳು ಸತ್ತ ಮೇಲೆ. ನಮ್ಮ ಮುಮ್ತಾಜಳಿಗೆ ಬದುಕಿರುವಾಗಲೇ ಒಂದು ಕೋಣೆ ಬೇಕಿತ್ತು, ಸಾದಾ ಗಾರೆಯದಾದರೂ ಚಿಂತೆಯಿರಲಿಲ್ಲ.

ದೀಪಾವಳಿ ಕಳೆಯಿತು. ಮಾಸ್ತರರ ಮಗ ಮತ್ತೆ ಬಂದು ಮತ್ತೆ ಕೈಮುಗಿದ. ಅದೇ ವಾರ ಒಂದು ಒಳ್ಳೆಯ ಮನೆ ಸಿಕ್ಕಿತು. ಸಿಕ್ಕೇಬಿಟ್ಟಿತು ಎಂದೇ ನಾವು ಎಣಿಸಿದ್ದೆವು. ಎರಡು ಕೋಣೆ, ಹಿಂದೆ ಬಟ್ಟೆ ಒಣಹಾಕಲು ಜಾಗ, ನಮ್ಮ ಕೈಗೆಟುಕುವ ಬಾಡಿಗೆ. ಮನೆಯೊಡತಿ ನಮ್ಮ ವಯಸ್ಸಿನವಳೇ. ಚಹಾ ಕೊಟ್ಟಳು, ಅವಲಕ್ಕಿ ಕೊಟ್ಟಳು. ಯಜಮಾನರ ಸುದ್ದಿ ಕೇಳಲಿಲ್ಲ. ನರ್ಸು ಎಂದದ್ದಕ್ಕೆ ‘ಛಲೋ ಆತು, ನನ್ನ ಬಿಪಿ ನೋಡಾಕ ಮನ್ಯಾಗ ಒಬ್ಬರು ಸಿಕ್ರು’ ಎಂದು ನಕ್ಕಳು. ಮಷೀನಿನ ಸಪ್ಪಳಕ್ಕೂ ಹೂಂ ಎಂದಳು. ಎದ್ದು ಬಾಗಿಲ ತನಕ ಬಂದಾಗ, ‘ಹೆಸರು ಕೇಳೋದ ಮರತೆ ನೋಡ್ರಿ’ ಎಂದಳು. ಹೇಳಿದೆವು. ಅವಳ ಮುಖದ ಮೇಲಿನ ನಗೆ ಹೋಗಲಿಲ್ಲ, ಆದರೆ ಅಲ್ಲೇ ಗಟ್ಟಿಯಾಯಿತು. ನನ್ನನ್ನು ಸ್ವಲ್ಪ ಬದಿಗೆ ಕರೆದು ಮೆಲ್ಲಗೆ ಹೇಳಿದಳು: ‘ತಪ್ಪು ತಿಳ್ಕೋಬ್ಯಾಡ್ರಿ ಬಾಯಾರ. ನಮ್ಮ ಮನ್ಯಾಗ ಹಿರ್ಯಾರು ಅದಾರ. ನಿಮ್ಮಿಬ್ಬರಿಗಾದ್ರ ನಾಳೆನ ಕೀಲಿ ಕೊಡ್ತೇನಿ.’

ಮೆಲ್ಲಗೆ ಹೇಳಿದ್ದು ಮುಮ್ತಾಜಳಿಗೆ ಕೇಳಿಸಿತ್ತು. ಗಲ್ಲಿ ದಾಟಿದೆವು. ರಿಕ್ಷಾಕ್ಕೆ ಕಾಯುತ್ತ ನಿಂತಾಗ ಅವಳೇ ಅಂದಳು: ‘ಅಕ್ಕಾ, ನೀವು ಆ ಮನಿ ತಗೋರಿ. ಭಾಳ ಛಲೋ ಐತಿ. ನಾ ಸವಣೂರಿಗೆ ಹೋಗ್ತೇನಿ. ತಮ್ಮ ಕರ್ಯಾಕತ್ಯಾನ.’

ತಮ್ಮನ ಮನೆ ಎಂದರೆ ಎರಡು ಕೋಣೆ, ಅದರಲ್ಲಿ ಅವನು, ಹೆಂಡತಿ, ನಾಲ್ಕು ಮಕ್ಕಳು, ಹಾಸಿಗೆ ಹಿಡಿದ ಅತ್ತೆ ಎಂಬುದು ನಮಗೆ ಗೊತ್ತಿತ್ತು. ಮಷೀನ್ ಇಡಬೇಕೆಂದರೆ ಅಂಗಳದಲ್ಲಿ ಇಡಬೇಕು. ಅವಳ ಗಿರಾಕಿಗಳೆಲ್ಲ ಹುಬ್ಬಳ್ಳಿಯಲ್ಲಿ. ಹತ್ತು ವರ್ಷ ಕಟ್ಟಿಕೊಂಡದ್ದನ್ನು ಬಿಚ್ಚಿಟ್ಟು ಹೋಗುವ ಮಾತು ಅದು. ಗಿರಿಜಕ್ಕ ಮುಖ ತಿರುವಿಕೊಂಡು ನಿಂತಿದ್ದಳು. ಒಮ್ಮೆಲೇ ರಸ್ತೆಯವರೆಲ್ಲ ತಿರುಗಿ ನೋಡುವಂತೆ ಒದರಿದಳು: ‘ನೀ ಹೋದ್ರ ನನ್ನ ಜಂಪರ ಯಾರು ಹೊಲಿತಾರ? ಮೂವತ್ತೆಂಟು ಮಂದಿ ಕಡೆ ಹೊಲಿಸೇನಿ, ಒಬ್ಬಾಕಿನೂ ತೋಳು ಸರಿ ಹಚ್ಚಿಲ್ಲ. ಆ ಮನಿ ನನಗ ಬ್ಯಾಡ. ಸರೋಜಾ, ನಿನಗ ಬೇಕೇನ?’

‘ನನಗ್ಯಾಕ ಬೇಕು?’ ಎಂದೆ.

‘ಹಂಗಾದ್ರ ಮುಗೀತು’ ಎಂದಳು ಗಿರಿಜಕ್ಕ. ಕಣ್ಣು ಒರೆಸಿಕೊಂಡದ್ದನ್ನು ಧೂಳಿನ ಮೇಲೆ ಹಾಕಿದಳು.

ಆದರೆ ಮುಗಿಯಲಿಲ್ಲ. ಮುಮ್ತಾಜ ಮಾತು ಕಡಿಮೆಯವಳಾದರೂ ಹಟದಲ್ಲಿ ನಮಗಿಂತ ಹಿರಿಯಳು. ತನ್ನಿಂದ ನಮಗೆ ಮನೆ ಸಿಗುತ್ತಿಲ್ಲ ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಮರುವಾರ ಭಾನುವಾರ ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಮಷೀನಿಗೆ ಹಳೆಯ ಚಾದರ ಸುತ್ತಿ, ಹಗ್ಗ ಬಿಗಿದು ಬಾಗಿಲಿಗೆ ಇಟ್ಟಿದ್ದಳು. ‘ಮೊದಲ ಮಷೀನ್ ಮುಟ್ಟಿಸಿ ಬರ್ತೇನಿ. ಆಮ್ಯಾಲ ಅರಿವಿ ಒಯ್ತೇನಿ’ ಎಂದಳು. ಅವಳೊಬ್ಬಳೇ ಅದನ್ನು ಹೊರುವುದಾಗಲಿ ನಾವು ನೋಡುತ್ತ ನಿಲ್ಲುವುದಾಗಲಿ ಸಾಧ್ಯವಿರಲಿಲ್ಲ. ‘ನಡಿ, ನಾವೂ ಬರ್ತೇವಿ. ಸವಣೂರ ಶೇವು ಖಾರಾನರ ತಿಂದು ಬರೋಣಂತ’ ಎಂದು ಗಿರಿಜಕ್ಕ ಹೊರಟಳು. ನಾನು ಮಷೀನಿನ ಒಂದು ಬದಿ ಹಿಡಿದೆ.

ಸವಣೂರಿನ ನೇರ ಬಸ್ಸಿನಲ್ಲಿ ಮಷೀನಿಗೆ ಜಾಗವಿರಲಿಲ್ಲ. ಹಾವೇರಿ ಬಸ್ಸಿನವನು ಹಿಂದಿನ ಸೀಟಿನ ಬದಿಗೆ ಇಡಲು ಒಪ್ಪಿದ. ‘ಶಿಗ್ಗಾಂವದಾಗ ಇಳದು ಬ್ಯಾರೆ ಬಸ್ ಹಿಡೀರಿ’ ಎಂದ. ನಮ್ಮ ಮೂವರಿಗೂ ಹೆಂಗಸರ ಪುಕ್ಕಟೆ ಟಿಕೇಟು; ಮಷೀನಿಗೆ ಮಾತ್ರ ದುಡ್ಡು ಕೊಟ್ಟು ಟಿಕೇಟು ತೆಗೆದೆವು. ‘ನಮ್ಮ ನಾಲ್ಕು ಮಂದ್ಯಾಗ ಕಿಮ್ಮತ್ತು ಇರೋದು ಇದಕ್ಕೊಂದಕ್ಕ’ ಎಂದಳು ಗಿರಿಜಕ್ಕ. ಆ ದಿನ ಮುಮ್ತಾಜ ನಕ್ಕದ್ದು ಅದೇ ಮೊದಲು.

ಶಿಗ್ಗಾಂವಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಮಷೀನನ್ನು ಕಂಬದ ಬುಡದಲ್ಲಿ ಇಟ್ಟು, ಸವಣೂರು ಬಸ್ಸಿನ ದಾರಿ ನೋಡುತ್ತ ಕುಳಿತೆವು. ಬಂಕಾಪುರದ ಕಡೆಯಿಂದ ಒಂದು ಬಸ್ಸು ಬಂತು. ಅದರಿಂದ ಒಬ್ಬ ಮುದುಕಿ ಇಳಿದಳು. ಹಣೆ ತುಂಬ ವಿಭೂತಿ, ಇಳಕಲ್ ಸೀರೆ, ಕೈಯಲ್ಲಿ ಒಂದು ಭಾರದ ಬಟ್ಟೆ ಚೀಲ. ಕೊನೆಯ ಮೆಟ್ಟಿಲಿನಿಂದ ಕಾಲು ಕೆಳಗಿಡುವುದಕ್ಕೂ ಚೀಲದ ತಳ ಹರಿಯುವುದಕ್ಕೂ ಸರಿಹೋಯಿತು. ಹೆಸರುಕಾಳು ಜರಜರ ಸುರಿದು ಪ್ಲಾಟ್‌ಫಾರ್ಮಿನ ತುಂಬ ಹರಡಿತು. ‘ಯವ್ವಾ, ನನ್ನ ಕಾಳ!’ ಎಂದು ಮುದುಕಿ ಅಲ್ಲೇ ಕುಕ್ಕರಿಸಿದಳು.

ಜನ ಕಾಳು ತುಳಿಯದಂತೆ ಹಾರಿ ಹಾರಿ ಹೋಗುತ್ತಿದ್ದರು. ಮುಮ್ತಾಜ ಎದ್ದು ಹೋಗಿ ತನ್ನ ದುಪಟ್ಟಾ ಹಾಸಿ ಕಾಳು ಬಳಿಯತೊಡಗಿದಳು. ನಾವೂ ಹೋದೆವು. ಬಳಿದ ಕಾಳೆಲ್ಲ ದುಪಟ್ಟಾದಲ್ಲಿ ಗುಡ್ಡೆಯಾದ ಮೇಲೆ ಅವಳು ಆ ಚೀಲವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ‘ಬಟ್ಟಿ ಗಟ್ಟಿ ಐತ್ರಿ, ಹೊಲಿಗಿ ಬಿಚ್ಚೈತಿ ಅಷ್ಟ. ಕುಂದರ್ರಿ ಅವ್ವಾರ, ಈಗ ಹಾಕಿ ಕೊಡ್ತೇನಿ’ ಎಂದು ಮಷೀನಿನ ಹಗ್ಗ ಬಿಚ್ಚಿದಳು. ಕೂರಲು ಏನೂ ಇರಲಿಲ್ಲ. ಚಹಾದಂಗಡಿಯವನು ಸ್ಟೂಲು ಕೊಟ್ಟ. ಶಿಗ್ಗಾಂವಿಯ ಬಸ್ ಸ್ಟ್ಯಾಂಡಿನಲ್ಲಿ, ಕಂಡಕ್ಟರುಗಳ ಕೂಗಿನ ನಡುವೆ, ನಮ್ಮ ಮುಮ್ತಾಜ ಮಷೀನ್ ತುಳಿಯುತ್ತ ಕುಳಿತಳು. ಸುತ್ತ ಒಂದು ಸಣ್ಣ ಜಾತ್ರೆಯೇ ನೆರೆಯಿತು. ಅಷ್ಟರಲ್ಲಿ ಸವಣೂರು ಬಸ್ಸು ಬಂತು. ಚೀಲ ಇನ್ನೂ ಸೂಜಿಯ ಕೆಳಗೆ ಅರ್ಧಕ್ಕಿತ್ತು. ಕಂಡಕ್ಟರ್ ‘ಸವಣೂರ, ಸವಣೂರ’ ಎಂದು ಕೂಗಿದ. ಮುಮ್ತಾಜ ತಲೆ ಎತ್ತಲಿಲ್ಲ. ನಾನು ಗಿರಿಜಕ್ಕನ ಕಡೆ ನೋಡಿದೆ. ಗಿರಿಜಕ್ಕ ಆಕಾಶ ನೋಡುತ್ತಿದ್ದಳು. ಬಸ್ಸು ಹೋಯಿತು.

ಮುದುಕಿಯ ಹೆಸರು ಶಿವಲಿಂಗವ್ವ. ಪೇಟೆಯಲ್ಲಿ ಅವರದು ಕಾಳುಕಡಿಯ ದೊಡ್ಡ ಅಂಗಡಿ. ಗಂಡನ ಕಾಲದ ವ್ಯಾಪಾರವನ್ನು ಈಗ ಮಗ ನೋಡಿಕೊಳ್ಳುತ್ತಾನೆ. ಅಂದು ಹೊಲಕ್ಕೆ ಹೋಗಿ ಮನೆಬಳಕೆಗೆ ಹೆಸರುಕಾಳು ತರುತ್ತಿದ್ದಳು. ಹೊಲಿದ ಚೀಲವನ್ನು ಎರಡೂ ಕೈಯಿಂದ ಜಗ್ಗಿ ನೋಡಿ, ಸಮಾಧಾನವಾಗಿ, ‘ಎಷ್ಟಾತವ್ವಾ?’ ಎಂದಳು. ಮುಮ್ತಾಜ ಏನೂ ಬೇಡವೆಂದಳು. ‘ಮಷೀನ್ ಹೊತಗೊಂಡು ಎಲ್ಲಿಗೆ ಹೊಂಟೀರಿ ಮತ್ತ?’ ಎಂದು ಮುದುಕಿ ಕೇಳಿದ್ದೇ ತಡ, ಗಿರಿಜಕ್ಕ ಉಸಿರು ಬಿಡದೆ ಎಲ್ಲ ಹೇಳಿಬಿಟ್ಟಳು. ಮಾಸ್ತರರು, ಅಪಾರ್ಟ್‌ಮೆಂಟು, ಪಿಜಿ, ಅವಲಕ್ಕಿ ಕೊಟ್ಟು ಇಬ್ಬರಿಗೆ ಮಾತ್ರ ಎಂದವಳು, ಎಲ್ಲ.

ಶಿವಲಿಂಗವ್ವ ಕಾಳಿನಲ್ಲಿದ್ದ ಹರಳು ಆರಿಸುತ್ತ ಕೇಳಿದಳು. ಮುಗಿದ ಮೇಲೆ, ‘ನಮ್ಮ ಅಂಗಡಿ ಮ್ಯಾಲ ಒಂದು ಮನಿ ಐತಿ’ ಎಂದಳು. ‘ಮೂರು ಖೋಲಿ. ಆದ್ರ ಯಾರೂ ಭಾಳ ದಿನ ನಿಲ್ಲಂಗಿಲ್ಲ. ಸುಗ್ಗಿ ಬಂತಂದ್ರ ಕೆಳಗ ಲಾರಿ, ಹಮಾಲರ ಗದ್ಲ, ಹೊಟ್ಟು ಹಾರತೈತಿ, ಇಲಿ ಬರ್ತಾವ, ಇಲಿ ಹಿಂದ ಬೆಕ್ಕು ಬರ್ತಾವ. ನಿಮ್ಮ ಮಷೀನ್ ಸಪ್ಪಳ ನಮಗ ಕೇಳಂಗಿಲ್ಲ. ನಮ್ಮ ಸಪ್ಪಳ ನಿಮಗ ಕೇಳಬಾರ್ದು. ನೋಡ್ತೀರೇನ?’

ಗಿರಿಜಕ್ಕ ಆಗಲೇ ಎದ್ದು ನಿಂತಿದ್ದಳು. ಮುಮ್ತಾಜ ಮಾತ್ರ ಸ್ಟೂಲಿನಿಂದ ಏಳಲಿಲ್ಲ. ‘ಅವ್ವಾರ, ಮೊದಲ ಹೇಳಿಬಿಡ್ತೇನ್ರಿ’ ಎಂದಳು. ‘ನನ್ನ ಹೆಸರು ಮುಮ್ತಾಜ ಅಂತ್ರಿ.’

ಮುದುಕಿ ಅವಳನ್ನೊಮ್ಮೆ, ಕಾಳು ತುಂಬಿದ ದುಪಟ್ಟಾವನ್ನೊಮ್ಮೆ ನೋಡಿದಳು. ‘ಅದಕ್ಕೇನವ್ವಾ, ಹೆಸರು ಇಲ್ಲದವರು ಯಾರದಾರ?’ ಎಂದಳು. ಆಮೇಲೆ, ವ್ಯಾಪಾರದ ಮನೆಯವಳಲ್ಲವೇ, ತನ್ನ ಕರಾರನ್ನೂ ಹೇಳಿಯೇಬಿಟ್ಟಳು: ‘ನಾವು ಲಿಂಗ ಕಟ್ಟಿಕೊಂಡವರು. ಮ್ಯಾಲ ಮಾಂಸ ಮಾಡಬ್ಯಾಡ್ರಿ. ಹೊರಗ ಏನ್ ತಿಂತೀರಿ, ಅದು ನನ್ನ ಕೆಲಸಲ್ಲ. ನಾ ಕೇಳಂಗಿಲ್ಲ.’

ಮುಮ್ತಾಜ ತಕ್ಷಣ ತಲೆಯಾಡಿಸಿದಳು. ಅವಳಿಗೆ ಅದು ದೊಡ್ಡ ಮಾತೇ ಆಗಿರಲಿಲ್ಲ. ಮುಖ ಸಣ್ಣದಾದದ್ದು ಗಿರಿಜಕ್ಕನದು. ಅವಳಿಗೆ ವಾರಕ್ಕೊಮ್ಮೆಯಾದರೂ ಮೀನು ಬೇಕು. ಒಂದು ಗಳಿಗೆ ಮನಸ್ಸಿನಲ್ಲೇ ಲೆಕ್ಕ ಹಾಕಿ, ಮೆಲ್ಲಗೆ (ಅಂದರೆ ಚಹಾದಂಗಡಿಯವನಿಗೆ ಕೇಳುವಷ್ಟು) ನನ್ನ ಕಿವಿಯಲ್ಲಿ, ‘ಸವಣೂರಿಗೆ ಬಸ್ ಪುಕ್ಕಟೆ ಐತಲ್ಲ. ಹೋಗಿ ತಿಂದು ಬಂದ್ರಾತು’ ಎಂದಳು.

ಮನೆ ನೋಡಿದೆವು. ಕೆಳಗೆ ಅಂಗಡಿ, ಬದಿಯಿಂದ ಕಡಿದಾದ ಮೆಟ್ಟಿಲು, ಮೇಲೆ ಒಂದರ ಹಿಂದೊಂದು ಮೂರು ಕೋಣೆ. ಗೋಡೆಯ ಸುಣ್ಣ ಎದ್ದಿತ್ತು. ಕಿಟಕಿ ತೆರೆದರೆ ಪೇಟೆ, ಆಚೆ ದೂರದಲ್ಲಿ ಹೈವೇಯ ಲಾರಿಗಳು. ಕಾಳಿನ ಒಣ ವಾಸನೆ ಗೋಡೆಯೊಳಗೇ ಇಳಿದಿತ್ತು. ಬಾಡಿಗೆ ಕೇಳಿದಾಗ ಗಿರಿಜಕ್ಕ ಈ ಸಲ ವರ್ಷದ್ದೇ ಎಂದು ಕೇಳಲಿಲ್ಲ. ಮುದುಕಿ ಮನಸ್ಸು ಬದಲಿಸಿಯಾಳು ಎಂದು ಸುಮ್ಮನೆ ಗೋಡೆ ಹಿಡಿದು ನಿಂತಳು. ಆದರೆ ಮೆಟ್ಟಿಲಿನ ಕೆಳಗೆ ಮಗ ತಾಯಿಯನ್ನು ತಡೆದು ಏನೋ ಹೇಳುತ್ತಿದ್ದ. ನಮಗೆ ಎಲ್ಲ ಕೇಳುತ್ತಿತ್ತು.

‘ಅವ್ವಾ, ಪ್ಯಾಟಿ ಮಂದಿ ಏನಂತಾರ?’

‘ಪ್ಯಾಟಿ ಮಂದಿ ಬಾಡಿಗಿ ಕೊಡ್ತಾರೇನು?’

‘ಹಂಗಲ್ಲವ್ವಾ…’

‘ಹಂಗಲ್ಲಾಂದ್ರ ಸುಮ್ನಿರು. ಮೂರು ಹೆಣ್ಮಕ್ಕಳು ಒಂದು ಮಷೀನ್ ಹೊತಗೊಂಡು ಬಸ್ ಸ್ಟ್ಯಾಂಡಿನ್ಯಾಗ ಕುಂತಿದ್ರು. ನೋಡಿ ಹಂಗ ಬಿಟ್ಟು ಹೆಂಗ ಬರ್ಲಿ ನಾ?’

ಮಗ ಅಂಗಡಿಯೊಳಗೆ ಹೋದ. ಒಪ್ಪಿದನೋ ಸೋತನೋ ನನಗೆ ತಿಳಿಯದು. ಈಗ ಅವನ ಅಂಗಡಿಯ ಗೋಣಿಚೀಲದ ಬಾಯಿಗೆ ಹೊಲಿಗೆ ಬೇಕಾದಾಗ ಮೆಟ್ಟಿಲ ಕೆಳಗೆ ನಿಂತು ‘ಅಕ್ಕಾರ’ ಎಂದು ಕೂಗುವವನು ಅವನೇ. ಮಷೀನ್ ಸವಣೂರಿಗೆ ಹೋಗಲೇ ಇಲ್ಲ. ಅಂದೇ ಇಬ್ಬರು ಹಮಾಲರು ಅದನ್ನು ಎತ್ತಿಕೊಂಡು ಬಂದು ಕಿಟಕಿಯ ಬದಿಗೆ ಇಟ್ಟರು. ನಮ್ಮ ಸಾಮಾನಿಗಿಂತ, ನಮಗಿಂತ ಮೊದಲು ಆ ಮನೆ ಸೇರಿದ್ದು ಅದು. ನಾವು ಖಾಲಿ ಕೈಯಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದೆವು. ಆ ಬಸ್ಸಿನಲ್ಲಿ ಮೂವರೂ ನಿದ್ದೆ ಮಾಡಿದೆವು. ಎಷ್ಟೋ ವಾರಗಳ ನಿದ್ದೆ ಅದು. ಹುಬ್ಬಳ್ಳಿಯಲ್ಲಿ ಕಂಡಕ್ಟರೇ ಬಂದು ಎಬ್ಬಿಸಬೇಕಾಯಿತು.

ಈಗ ನಾನು ದಿನಾ ಬೆಳಿಗ್ಗೆ ಶಿಗ್ಗಾಂವಿಯಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹೋಗುವಾಗ ಓದು, ಬರುವಾಗ ಜೋಂಪು. ದುಬಾರಿ ಊರಿನಲ್ಲಿ ದುಡಿದು ಸೋವಿ ಊರಿನಲ್ಲಿ ಮಲಗುವ ಉಪಾಯ ಇಷ್ಟು ಸುಲಭವಿದ್ದದ್ದು ನಮಗೆ ಮೊದಲೇ ಹೊಳೆಯಬೇಕಿತ್ತು. ಹೊಳೆಯಲು ಒಂದು ಚೀಲ ಹರಿಯಬೇಕಾಯಿತು. ಗಿರಿಜಕ್ಕ ಇಲ್ಲಿಯದೇ ಒಂದು ಆಸ್ಪತ್ರೆ ಸೇರಿದ್ದಾಳೆ. ಪಗಾರ ಸ್ವಲ್ಪ ಕಡಿಮೆ, ಆದರೆ ರಾತ್ರಿಪಾಳಿ ಇಲ್ಲ. ಸಂಜೆ ಶಿವಲಿಂಗವ್ವನ ಬಿಪಿ ನೋಡಿ, ಉಪ್ಪಿನಕಾಯಿಗೆ ಬೈದು ಬರುತ್ತಾಳೆ. ಮುದುಕಿ ಬೈಸಿಕೊಂಡು ಒಂದು ಬಟ್ಟಲು ಉಪ್ಪಿನಕಾಯಿ ನಮಗೂ ಕೊಟ್ಟು ಕಳಿಸುತ್ತಾಳೆ. ಮುಮ್ತಾಜಳಿಗೆ ಕೈತುಂಬ ಕೆಲಸ. ಹುಬ್ಬಳ್ಳಿಯ ಹಳೆಯ ಗಿರಾಕಿಗಳ ಬಟ್ಟೆ ನನ್ನ ಚೀಲದಲ್ಲೇ ಬಂದು ಹೋಗುತ್ತವೆ. ಹತ್ತಿರದ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿಯರು ಕುಣಿತದ ಲಂಗ, ಕುಪ್ಪಸ ಹೊಲಿಸಲು ಬರುತ್ತಾರೆ. ಬಂದು ಅಳತೆ ಕೊಟ್ಟು ಹೋಗದೆ ಹಾಡಿ, ಕುಣಿದು, ಚಹಾ ಕುಡಿದು ಹೋಗುತ್ತಾರೆ. ಇಲಿಗಳೂ ಇವೆ, ಬೆಕ್ಕುಗಳೂ ಇವೆ; ಮುದುಕಿ ಯಾವುದನ್ನೂ ಹೆಚ್ಚು ಮಾಡಿ ಹೇಳಿರಲಿಲ್ಲ. ಸುಗ್ಗಿಯಲ್ಲಿ ಹೊಟ್ಟು ಹಾರಿ ನನ್ನ ಚಹಾದಲ್ಲಿ ಬೀಳುತ್ತದೆ. ಸೋಸಿ ಕುಡಿಯುತ್ತೇನೆ. ಗದ್ದಲದಲ್ಲಿ ನಿದ್ದೆ ಬರುತ್ತದೆಯೇ ಎಂದು ಕಾಲೇಜಿನಲ್ಲಿ ಕೇಳುತ್ತಾರೆ. ಮನೆ ಸಿಗುತ್ತದೋ ಇಲ್ಲವೋ ಎಂಬ ಚಿಂತೆ ಮಾಡುವ ಸದ್ದಿನ ಮುಂದೆ ಹತ್ತು ಲಾರಿಯ ಸದ್ದು ಏನೂ ಅಲ್ಲ.

ಶಿಗ್ಗಾಂವಿಯಿಂದ ಹಾನಗಲ್ಲೂ ದೂರವಲ್ಲ, ಸವಣೂರಂತೂ ಮಗ್ಗುಲಲ್ಲೇ. ಹಿರೇಕೆರೂರು ಸ್ವಲ್ಪ ದೂರವಾದರೂ ಗಿರಿಜಕ್ಕ ಅದನ್ನು ಒಪ್ಪುವುದಿಲ್ಲ. ಭಾನುವಾರ ಬಂದರೆ ಮೂವರೂ ಮೂರು ದಿಕ್ಕಿಗೆ ಹೋಗುತ್ತೇವೆ. ಕಳೆದ ಭಾನುವಾರ ನಾನು ಹಾನಗಲ್ಲಿನಲ್ಲಿ ಅಣ್ಣನ ಮನೆಗೆ ಹೋಗಿದ್ದೆ. ನಾನು ಹುಟ್ಟಿದ ಮನೆ ಅದು. ಊಟವಾಯಿತು, ಹರಟೆಯಾಯಿತು, ಅತ್ತಿಗೆ ಚಹಾ ಕೊಟ್ಟಳು. ಹೊರಗೆ ಮೋಡ ಕವಿಯುತ್ತಿತ್ತು. ನಾನು ಎದ್ದು ಸೆರಗು ಸರಿಮಾಡಿಕೊಳ್ಳುತ್ತ, ‘ಮನಿಗೆ ಹೋಗ್ತೇನಣ್ಣಾ, ಹೊತ್ತಾತು’ ಎಂದೆ.

ಶೇಂಗಾ ಸುಲಿಯುತ್ತಿದ್ದ ಅಣ್ಣ ಕೈ ನಿಲ್ಲಿಸಿದ. ಇಷ್ಟು ವರ್ಷ ಆ ಹೊಸ್ತಿಲಲ್ಲಿ ನಿಂತು ನಾನು ಹೇಳಿದ್ದು ‘ಹುಬ್ಬಳ್ಳಿಗೆ ಹೋಗ್ತೇನಿ’ ಎಂದೇ. ಆಡಿದ ನನಗೆ ಗೊತ್ತಾಗಲಿಲ್ಲ, ಕೇಳಿದ ಅವನಿಗೆ ಗೊತ್ತಾಯಿತು. ಬೇಜಾರಾಯಿತೇನೋ ಎಂದು ಮುಖ ನೋಡಿದೆ. ಅವನು ಸುಲಿದ ಶೇಂಗಾವನ್ನೆಲ್ಲ ಒಂದು ಕಾಗದದಲ್ಲಿ ಕಟ್ಟಿ ನನ್ನ ಚೀಲಕ್ಕೆ ಹಾಕಿ, ‘ನಡಿ, ಸ್ಟ್ಯಾಂಡಿಗೆ ಬಿಡ್ತೇನಿ. ಮನ್ಯಾಗ ಹಾದಿ ನೋಡ್ತಿರ್ತಾರ’ ಎಂದ.

ಹಾದಿ ನೋಡುವವರು ಯಾರೂ ಇರಲಿಲ್ಲ. ಗಿರಿಜಕ್ಕ ಇನ್ನೂ ಹಿರೇಕೆರೂರಿನಲ್ಲಿ, ಮುಮ್ತಾಜ ಸವಣೂರಿನಲ್ಲಿ. ಅಣ್ಣನಿಗೆ ಅದನ್ನು ಹೇಳಲಿಲ್ಲ. ಶಿಗ್ಗಾಂವಿ ಬಸ್ಸು ಹೊರಡುವುದರಲ್ಲಿತ್ತು, ಈ ವಯಸ್ಸಿನಲ್ಲೂ ಓಡಿ ಹತ್ತಿದೆ. ಅವರಿಬ್ಬರೂ ಬರುವುದರೊಳಗೆ ಹೋಗಿ, ಕೀಲಿ ತೆಗೆದು, ದೀಪ ಹಚ್ಚಿ, ಹಾದಿ ನೋಡುವವಳು ನಾನಾಗಬೇಕಿತ್ತು.